ಮೀನುಗಳ ವಂಶವಾಹಿ ಹೋಲಿಕೆ: ಸೂಡಿ ಭಾಗದ ಕೃಷಿಹೊಂಡದವರು ತಿಳಿಯತಕ್ಕ ಕೆಲವು ಮಾತುಗಳು

ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆಭೂಮಿಯ ಒಕ್ಕಲಿಗನಿಗೆ ಬೀಜದ ಮಹತ್ವವನ್ನು ಹೊರಗಿನವರು ಹೇಳಿಕೊಡಬೇಕಾದ ಕಾರಣವಿಲ್ಲ. ಬಿಳಿಜೋಳದ ಒಳ್ಳೆಯ ತೆನೆಗಳನ್ನು ಹೊಲದಲ್ಲಿಯೇ ಆರಿಸಿ ಬೇರೆಯಾಗಿ ಇಡುವ ರೂಢಿಯು ಅವನ ಹಿರಿಯರಿಂದ ಬಂದದ್ದು. ಸಂಕರ ಹತ್ತಿಯ ಬೀಜವನ್ನು ಮನೆಯಲ್ಲಿ ಉಳಿಸಿ ಮರುವರ್ಷ ಬಿತ್ತಿದರೆ ಬೆಳೆಯು ಒಂದೇ ತೆರನಾಗಿ ಬಾರದೆಂಬುದನ್ನೂ ಅವನು ಅನುಭವದಿಂದ ಬಲ್ಲನು. ಆದರೆ ಇದೇ ಒಕ್ಕಲಿಗನು ತನ್ನ ಕೃಷಿಹೊಂಡಕ್ಕೆ ಮೀನುಮರಿಗಳನ್ನು ತರುವಾಗ, ಸಾವಿರಕ್ಕೆ ಬೆಲೆ ಎಷ್ಟು ಎಂದು ಕೇಳುವನೇ ಹೊರತು, ಆ ಮರಿಗಳ ತಾಯ್ತಂದೆಗಳು ಯಾವವು ಎಂದು ಕೇಳುವದು ಅಪರೂಪ. ಈ ಒಂದು ಪ್ರಶ್ನೆಯನ್ನು ಕೇಳುವದು ಏಕೆ ಅವಶ್ಯವೆಂಬುದನ್ನು, ಮೀನುಗಳ ವಂಶವಾಹಿಗಳನ್ನು ಹೋಲಿಸಿ ನೋಡುವ ಶಾಸ್ತ್ರದಿಂದ ಈಚೆಗೆ ತಿಳಿದುಬಂದಿರುವ ಸಂಗತಿಗಳ ಸಹಾಯದಿಂದ ಇಲ್ಲಿ ವಿವರಿಸಲಾಗಿದೆ.

ಸೂಡಿಯ ನೆಲವೂ ನೀರೂ

ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿದ್ದ ಊರು. ಅಲ್ಲಿಯ ಜೋಡುಕಳಸದ ಗುಡಿಯನ್ನು ನೋಡಿದವರು ನಾಗಕುಂಡವೆಂಬ ಕಲ್ಲುಕಟ್ಟಡದ ಹೊಂಡವನ್ನೂ ನೋಡಿಯೇ ಇರುವರು. ಮಳೆಯನ್ನೇ ನಂಬಿದ ಈ ಬಯಲಿನಲ್ಲಿ ನೀರನ್ನು ಹಿಡಿದಿಡುವದು ಅಂದಿಗೂ ದೊಡ್ಡ ಕೆಲಸವಾಗಿದ್ದಿತೆಂಬುದಕ್ಕೆ ಆ ಹೊಂಡವೇ ಸಾಕ್ಷಿ. 2014ರಲ್ಲಿ ರಾಜ್ಯದಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿಹೊಂಡಗಳು ಬಹಳವಾಗಿ ಆದವು. ಹೊಂಡದ ನೀರು ಮೊದಲು ಬೆಳೆಗೆ. ಆದರೆ ನೀರು ನಿಂತಿರುವಷ್ಟು ಕಾಲ ಅದರಲ್ಲಿ ಮೀನನ್ನೂ ಬೆಳೆಸಿಕೊಳ್ಳಬಹುದು.

ಇಲ್ಲಿ ಒಂದು ಕಷ್ಟವಿದೆ. ಹಸ್ತ, ಚಿತ್ತ ಮಳೆಗಳಿಂದ ತುಂಬಿದ ಹೊಂಡವು ಬೇಸಿಗೆ ಬರುವ ಹೊತ್ತಿಗೆ ಇಳಿದುಹೋಗುವದು. ಆದಕಾರಣ ಮೀನು ಬೆಳೆಯಲು ಸಿಗುವ ತಿಂಗಳುಗಳು ಕೆಲವೇ. ವರ್ಷವಿಡೀ ನೀರಿರುವ ಕೆರೆಯವನು ನಿಧಾನವಾಗಿ ಬೆಳೆಯುವ ಮರಿಯನ್ನು ತಂದರೂ ಮರುವರ್ಷ ಹಿಡಿಯಬಹುದು. ಸೂಡಿಯ ಹೊಂಡದವನಿಗೆ ಆ ಅವಕಾಶವಿಲ್ಲ. ಮರಿಯ ತಳಿಯು ಕೆಟ್ಟದ್ದಾಗಿದ್ದರೆ ಅವನ ಆ ವರ್ಷದ ಶ್ರಮವೂ ಹಣವೂ ನೀರಿನೊಡನೆಯೇ ಇಂಗಿಹೋಗುವವು.

ವಂಶವಾಹಿಯ ಬರಹ

ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಿರುವವು. ಇವು ಜೋಡಿ ಜೋಡಿಯಾಗಿದ್ದು, ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿರುತ್ತದೆ. ಈ ಎಳೆಗಳ ಮೇಲೆ ಡಿ.ಎನ್.ಎ. ಎಂಬ ದ್ರವ್ಯದ ನಾಲ್ಕೇ ಅಕ್ಷರಗಳಿಂದ ಆ ಜೀವಿಯ ಗುಣಗಳೆಲ್ಲವೂ ಬರೆಯಲ್ಪಟ್ಟಿವೆ. ಒಂದು ಜೀವಿಯ ಈ ಸಂಪೂರ್ಣ ಬರಹಕ್ಕೆ ಜೀನೋಮ್ ಎಂದು ಹೆಸರು.

ಮೀನುಗಳ ಪೈಕಿ ಮೊದಲು ಓದಲ್ಪಟ್ಟ ಜೀನೋಮುಗಳಲ್ಲಿ ಜಪಾನಿನ ಫುಗು ಎಂಬ ವಿಷಮೀನಿನದು ಒಂದು. ಅದು 2002ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ಹೊಳೆಹಳ್ಳಗಳಲ್ಲಿಯೇ ಇರುವ ಪಟ್ಟೆಯುಳ್ಳ ಸಣ್ಣ ಜೀಬ್ರಾಮೀನಿನ ವಿಸ್ತಾರವಾದ ಬರಹವು 2013ರಲ್ಲಿ ಪ್ರಕಟವಾಯಿತು. ಗೆಂಡೆಮೀನುಗಳ ಬಳಗಕ್ಕೆ ಹತ್ತಿರವಾದ ಈ ಮೀನಿನಲ್ಲಿ 26,000ಕ್ಕೂ ಮೇಲ್ಪಟ್ಟು ವಂಶವಾಹಿಗಳಿವೆ. ಮನುಷ್ಯನ ವಂಶವಾಹಿಗಳಲ್ಲಿ ಶೇಕಡಾ 70ರಷ್ಟಕ್ಕೆ ಇದರಲ್ಲಿ ಸಮಾನವಾದದ್ದು ಒಂದಾದರೂ ದೊರೆಯುವದೆಂದು ಕಂಡುಬಂದಿತು. ನಮ್ಮ ಹೊಂಡಗಳ ಮೀನುಗಳಾದ ರೋಹು ಹಾಗೂ ಕಟ್ಲಾಗಳ ಜೀನೋಮುಗಳನ್ನು ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು.

ಹೀಗೆ ಎರಡು ಮೀನುಗಳ ಬರಹವನ್ನು ಸಾಲಿಗೆ ಸಾಲು ಇಟ್ಟು ಹೋಲಿಸಿದಾಗ, ಭೇದಗಳು ಕಡಿಮೆಯಿದ್ದಲ್ಲಿ ಅವು ಈಚೆಗೆ ಬೇರೆಯಾದ ದಾಯಾದಿಗಳೆಂದೂ, ಭೇದಗಳು ಹೆಚ್ಚಾಗಿದ್ದಲ್ಲಿ ಬಹುಕಾಲದ ಹಿಂದೆಯೇ ಕವಲೊಡೆದವುಗಳೆಂದೂ ತಿಳಿಯುತ್ತದೆ. ಕಟ್ಲಾ ಮೀನನ್ನು ಅದರ ದೊಡ್ಡ ತಲೆ, ಮೇಲ್ಮುಖವಾದ ಬಾಯಿಗಳನ್ನು ನೋಡಿ ಹಿಂದಿನವರು ಒಂದು ಪ್ರತ್ಯೇಕ ಕುಲದಲ್ಲಿ ಇರಿಸಿದ್ದರು. ವಂಶವಾಹಿಗಳ ಹೋಲಿಕೆಯಿಂದ ಅದು ರೋಹುವಿನ ಲೇಬಿಯೋ ಕುಲದ ಒಳಗೇ ಸೇರತಕ್ಕದ್ದೆಂದು ಕಂಡುಬಂದುದರಿಂದ ಈಗ ಅದನ್ನು ಲೇಬಿಯೋ ಕಟ್ಲಾ ಎಂದು ಕರೆಯುತ್ತಾರೆ. ಈ ಹತ್ತಿರದ ನಂಟೇ ಮುಂದೆ ಹೇಳುವ ತೊಂದರೆಗೆ ಮೂಲವಾಗಿದೆ.

ಹತ್ತಿಯ ದೃಷ್ಟಾಂತ

ಸಂಕರದ ಸ್ವಭಾವವನ್ನು ತಿಳಿಯುವದಕ್ಕೆ ನಮ್ಮ ಭಾಗದವರಿಗೆ ಹತ್ತಿಗಿಂತ ಒಳ್ಳೆಯ ಉದಾಹರಣೆ ಬೇಡ. ಜವಾರಿ ಹತ್ತಿಯಲ್ಲಿ 26 ವರ್ಣತಂತುಗಳಿವೆ. ಅಮೇರಿಕನ್ ಹತ್ತಿಯಲ್ಲಿ 52. ಈ ಇಮ್ಮಡಿ ಲೆಕ್ಕವು ಆಕಸ್ಮಿಕವಾದದ್ದಲ್ಲ. ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಜವಾರಿ ಹತ್ತಿಯ ಬಂಧುವಾದ ಒಂದು ಗಿಡವೂ ಅಮೇರಿಕಾ ಖಂಡದ ಬೇರೊಂದು ಕಾಡುಹತ್ತಿಯೂ ಕೂಡಿ, ಎರಡರ ವರ್ಣತಂತುಗಳೂ ಪೂರ್ಣವಾಗಿ ಒಂದೇ ಸಸ್ಯದಲ್ಲಿ ನೆಲೆಸಿದ್ದರಿಂದ ಅಮೇರಿಕನ್ ಹತ್ತಿಯು ಹುಟ್ಟಿತು.

ಮೀನಿನಲ್ಲಿಯೂ ಇಂತಹುದೇ ನಡೆದಿದೆ. ಕಟ್ಲಾ, ರೋಹು, ಮೃಗಾಲ್‌ಗಳಲ್ಲಿ 50 ವರ್ಣತಂತುಗಳಿದ್ದರೆ, ಸಾಮಾನ್ಯ ಗೆಂಡೆಯಲ್ಲಿ 100 ಇವೆ. ಸಾಮಾನ್ಯ ಗೆಂಡೆಯ ಜೀನೋಮನ್ನು ಚೀನಾ ದೇಶದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಬೇರೆ ಬೇರೆಯಾದ ಎರಡು ಪುರಾತನ ಮೀನುಗಳ ಸಂಕರದಿಂದ ಈ ಗೆಂಡೆಯು ಉಂಟಾಯಿತೆಂಬುದನ್ನೂ, ಆ ಎರಡು ಮೂಲಗಳ ವರ್ಣತಂತುಗಳನ್ನು ಇಂದಿಗೂ ಬೇರೆ ಬೇರೆಯಾಗಿ ಗುರುತಿಸಬಹುದೆಂಬುದನ್ನೂ 2019ರ ಸಂಶೋಧನೆಯು ತೋರಿಸಿತು.

ಇದರಿಂದ ಒಂದು ವ್ಯಾವಹಾರಿಕ ನಿಯಮವು ಹೊರಡುತ್ತದೆ. ಜವಾರಿ ಹತ್ತಿಯನ್ನೂ ಅಮೇರಿಕನ್ ಹತ್ತಿಯನ್ನೂ ಕೂಡಿಸಿದರೆ 13ಕ್ಕೆ 26 ಸೇರಿ 39 ವರ್ಣತಂತುಗಳ ಗಿಡವಾಗುವದು; 39ನ್ನು ಸರಿಜೋಡಿ ಮಾಡಲು ಬಾರದಾದುದರಿಂದ ಅದು ಬಂಜೆ. ಹಾಗೆಯೇ ಸಾಮಾನ್ಯ ಗೆಂಡೆಯ 50ಕ್ಕೆ ರೋಹುವಿನ 25 ಸೇರಿ 75 ವರ್ಣತಂತುಗಳಾದ ಮರಿಯೂ ಬಂಜೆಯಾಗುವದು. ಇಂತಹ ಸಂಕರವು ಒಂದು ತಲೆಮಾರಿಗೆ ತಾನೇ ಮುಗಿಯುತ್ತದೆ. ಆದರೆ ಕಟ್ಲಾ ಮತ್ತು ರೋಹುಗಳಲ್ಲಿ 25ಕ್ಕೆ 25 ಸೇರಿ ಲೆಕ್ಕವು ಸರಿಹೋಗುವದು. ಅವುಗಳ ಸಂಕರದ ಮರಿಯು ಬಂಜೆಯಾಗುವದಿಲ್ಲ. ದೊಡ್ಡದಾಗಿ, ಮೊಟ್ಟೆಯಿಟ್ಟು, ಮತ್ತೆ ಕಟ್ಲಾದೊಡನೆಯಾಗಲಿ ರೋಹುವಿನೊಡನೆಯಾಗಲಿ ಕೂಡಬಲ್ಲದು. ಆಗ ಎರಡು ಶುದ್ಧ ತಳಿಗಳೂ ತಲೆಮಾರಿನಿಂದ ತಲೆಮಾರಿಗೆ ಕಲಸಿಹೋಗುವವು.

ಸಂಕರವನ್ನು ಗುರುತಿಸುವ ಬಗೆ

ಹತ್ತು ತಲೆಮಾರುಗಳ ಹಿಂದೆ ನಡೆದ ಬೆರಕೆಯನ್ನು ಇಂದು ಹೇಗೆ ಕಂಡುಹಿಡಿಯುವರೆಂದು ವಾಚಕರು ಕೇಳಬಹುದು. ನಮ್ಮ ಮನೆಗಳ ಕೌದಿಯನ್ನು ನೆನೆಯಿರಿ. ಒಂದು ಕೆಂಪು ಸೀರೆಯನ್ನೂ ಒಂದು ಹಸುರು ಸೀರೆಯನ್ನೂ ನಡುವೆ ಕತ್ತರಿಸಿ ಜೋಡಿಸಿದರೆ ತುಂಡುಗಳು ದೊಡ್ಡವಾಗಿರುವವು. ಆ ಕೌದಿಯನ್ನು ಮತ್ತೆ ಕತ್ತರಿಸಿ, ಬೇರೊಂದು ಕೆಂಪು ಬಟ್ಟೆಯೊಡನೆ ಹೊಲಿದರೆ ಹಸುರಿನ ತುಂಡುಗಳು ಸಣ್ಣವಾಗುವವು. ಹೀಗೆಯೇ ಮಾಡುತ್ತ ಹೋದರೆ ಕಡೆಗೆ ಹಸುರು ಅಲ್ಲಲ್ಲಿ ಚೂರುಚೂರಾಗಿ ಮಾತ್ರ ಕಾಣುವದು. ಪ್ರತಿ ತಲೆಮಾರಿನಲ್ಲಿ ವರ್ಣತಂತುಗಳು ತುಂಡಾಗಿ ಅದಲುಬದಲಾಗುವದರಿಂದ ಪರಜಾತಿಯ ಬರಹವೂ ಹೀಗೆಯೇ ಚಿಕ್ಕದಾಗುತ್ತ ಹೋಗುತ್ತದೆ. ಉದ್ದವಾದ ತುಂಡುಗಳಿದ್ದರೆ ಸಂಕರವು ಮೊನ್ನೆಯದು; ಚೂರುಗಳಿದ್ದರೆ ಬಹು ಹಳೆಯದು.

ಇದಲ್ಲದೆ, ಮೈಟೊಕಾಂಡ್ರಿಯಾ ಎಂಬ ಜೀವಕೋಶದ ಅಂಗದಲ್ಲಿರುವ ಡಿ.ಎನ್.ಎ. ತಾಯಿಯಿಂದ ಮಾತ್ರ ಬರತಕ್ಕದ್ದು. ನೋಡಲು ಕಟ್ಲಾದಂತೆಯೇ ಇರುವ ಮೀನಿನಲ್ಲಿ ರೋಹುವಿನ ಮೈಟೊಕಾಂಡ್ರಿಯಾ ದೊರೆತರೆ, ಅದರ ತಾಯಿಯ ಕಡೆಯ ಹಿರಿಯಳೊಬ್ಬಳು ರೋಹುವಾಗಿದ್ದಳೆಂದು ನಿಸ್ಸಂದೇಹವಾಗಿ ಹೇಳಬಹುದು. ಕಣ್ಣಿಗೆ ಕಾಣದ ಬೆರಕೆಯನ್ನು ಈ ಪರೀಕ್ಷೆಯು ಹೊರಗೆಡಹುತ್ತದೆ.

ನಿಸರ್ಗದಲ್ಲಿ ಸಂಕರದ ಎರಡು ಮುಖಗಳು

ಸಂಕರವೆಂದೊಡನೆ ಕೆಟ್ಟದ್ದೆಂದು ತಿಳಿಯತಕ್ಕದ್ದಲ್ಲ. ಆಫ್ರಿಕಾದ ವಿಕ್ಟೋರಿಯಾ ಸರೋವರವು ಸುಮಾರು 15,000 ವರ್ಷಗಳ ಹಿಂದೆ ಒಣಗಿ, ಮತ್ತೆ ತುಂಬಿದ ಮೇಲೆ, ಅದರಲ್ಲಿ ಸಿಕ್ಲಿಡ್ ಎಂಬ ಬಳಗದ ನೂರಾರು ಜಾತಿಯ ಮೀನುಗಳು ಉಂಟಾದವು. ಅಷ್ಟು ಸ್ವಲ್ಪ ಕಾಲದಲ್ಲಿ ಅಷ್ಟು ಜಾತಿಗಳು ಹೇಗಾದವೆಂಬುದು ಬಹುದಿನದ ಒಗಟಾಗಿದ್ದಿತು. ಈ ಜಾತಿಗಳ ಪೂರ್ವಜರು ಎರಡು ದೂರದ ಕವಲುಗಳ ಸಂಕರದಿಂದ ಬಂದವರೆಂದೂ, ಆ ಬೆರಕೆಯು ಕೊಟ್ಟ ವೈವಿಧ್ಯವೇ ಹೊಸ ಜಾತಿಗಳಿಗೆ ಬಂಡವಾಳವಾಯಿತೆಂದೂ 2017ರಲ್ಲಿ ಪ್ರಕಟವಾದ ಜೀನೋಮ್ ಹೋಲಿಕೆಯಿಂದ ತಿಳಿದುಬಂದಿತು.

ಇನ್ನೊಂದು ಮುಖವೂ ಇದೆ. ಮೆಕ್ಸಿಕೋ ದೇಶದ ಹಳ್ಳಗಳಲ್ಲಿ ಕತ್ತಿಬಾಲದ ಸಣ್ಣ ಮೀನುಗಳಿವೆ. ಇವುಗಳ ಎರಡು ಜಾತಿಗಳು ಕೂಡಿದಾಗ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ಚರ್ಮದ ಮೇಲೆ ಕಪ್ಪು ಅರ್ಬುದ ರೋಗವು ಬರುವದು. ಒಂದು ಜಾತಿಯ ಮಚ್ಚೆಯ ವಂಶವಾಹಿಯು ತನ್ನ ಮನೆಯಲ್ಲಿ ನಿರಪಾಯವಾಗಿರುವದು. ಆದರೆ ಬೇರೆ ಜಾತಿಯ ವಂಶವಾಹಿಯೊಡನೆ ಸೇರಿದಾಗ ಹದ್ದುಮೀರುವದು. ಹೊಳೆಯಲ್ಲಿ ತಾವಾಗಿಯೇ ಕೂಡಿದ ಮೀನುಗಳಲ್ಲಿಯೂ ಹೀಗಾಗುವದನ್ನು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಎರಡು ಒಳ್ಳೆಯವುಗಳನ್ನು ಕೂಡಿಸಿದರೆ ಒಳ್ಳೆಯದೇ ಆಗಬೇಕೆಂಬ ನಿಯಮವಿಲ್ಲ.

ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿಯು ಎರಡು ಜಾತಿಗಳ ಸಂಕರವೇ ಆಗಿದ್ದು, ನಮ್ಮ ಒಕ್ಕಲಿಗರಿಗೆ ಬಹಳ ಉಪಕಾರ ಮಾಡಿತು. ಅಲ್ಲಿ ತಾಯಿ ಯಾವುದು, ತಂದೆ ಯಾವುದು ಎಂಬುದು ತಿಳಿದಿದ್ದು, ಎರಡೂ ತಳಿಗಳನ್ನು ಬೇರೆ ಬೇರೆಯಾಗಿ ಶುದ್ಧವಾಗಿ ಕಾಪಾಡುತ್ತ, ಪ್ರತಿವರ್ಷ ಹೊಸದಾಗಿ ಕೂಡಿಸಲಾಗುತ್ತಿತ್ತು. ತಿಳಿದು ಮಾಡಿದ ಸಂಕರಕ್ಕೂ ತಿಳಿಯದೆ ಆದ ಬೆರಕೆಗೂ ಇರುವ ಭೇದವು ಇದೇ.

ಮರಿ ಮಾಡುವ ಸ್ಥಳದಲ್ಲಿ ಆಗುವ ತಪ್ಪು

ಗೆಂಡೆಮೀನುಗಳು ಹೊಳೆಯ ಪ್ರವಾಹದಲ್ಲಿ ಮಾತ್ರ ಮೊಟ್ಟೆಯಿಡುವವು. ನಿಂತ ನೀರಿನಲ್ಲಿ ಇಡವು. ಸಾಮಾನ್ಯ ಗೆಂಡೆಯು ಇದಕ್ಕೆ ಹೊರತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಮೀನಿನಿಂದ ಮೊಟ್ಟೆಯಿಡಿಸುವದರಲ್ಲಿ ಯಶಸ್ವಿಯಾದರು. ಅಂದಿನಿಂದ ಮೀನುಮರಿಗಾಗಿ ಹೊಳೆಯನ್ನೇ ಕಾಯುವ ಕಷ್ಟವು ತಪ್ಪಿತು. ಆ ದಿನವನ್ನು ರಾಷ್ಟ್ರೀಯ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ.

ಆದರೆ ಈ ಉಪಾಯದೊಡನೆ ಒಂದು ಅಪಾಯವೂ ಬಂದಿತು. ಗೆಂಡೆಗಳಲ್ಲಿ ಮೊಟ್ಟೆಗೆ ಗಂಡಿನ ವೀರ್ಯವು ಸೇರುವದು ಮೈಯ ಹೊರಗೆ, ನೀರಿನಲ್ಲಿ. ಕಟ್ಲಾ, ರೋಹು, ಮೃಗಾಲ್ ಮೂರಕ್ಕೂ ಒಂದೇ ದಿನ ಔಷಧಿ ಚುಚ್ಚಿ ಒಂದೇ ತೊಟ್ಟಿಯಲ್ಲಿ ಬಿಟ್ಟರೆ, ಒಂದರ ಮೊಟ್ಟೆಗೆ ಇನ್ನೊಂದರ ವೀರ್ಯವು ಸೇರುವದನ್ನು ತಡೆಯುವವರು ಯಾರು? ಹೊಳೆಯಲ್ಲಿ ವಿರಳವಾಗಿದ್ದ ಬೆರಕೆಯು ತೊಟ್ಟಿಯಲ್ಲಿ ಸುಲಭವಾಗುವದು.

ಇದರಿಂದ ಹೊಂಡದವನಿಗೆ ಆಗುವ ನಷ್ಟವೇನು? ಮೂರು ಜಾತಿಗಳನ್ನು ಕೂಡಿಸಿ ಸಾಕುವ ಪದ್ಧತಿಯ ಮರ್ಮವು ಅವುಗಳ ಊಟದ ಭೇದದಲ್ಲಿದೆ. ಕಟ್ಲಾ ಮೇಲಿನ ನೀರಿನ ಸೂಕ್ಷ್ಮಜೀವಿಗಳನ್ನು ತಿನ್ನುವದು. ರೋಹು ನಡುನೀರಿನಲ್ಲಿ ಮೇಯುವದು. ಮೃಗಾಲ್ ತಳದ ಕೊಳೆತ ಪದಾರ್ಥವನ್ನು ಆರಿಸುವದು. ಅಕ್ಕಡಿ ಬೆಳೆಯಲ್ಲಿ ಒಂದೊಂದರ ಬೇರು ಒಂದೊಂದು ಆಳಕ್ಕೆ ಹೋಗುವಂತೆಯೇ ಇದು. ಕಟ್ಲಾ-ರೋಹುಗಳ ಸಂಕರದ ಮರಿಯು ಬಾಯಿಯಲ್ಲಿಯೂ ಕಿವಿರಿನಲ್ಲಿಯೂ ನಡುತರದ್ದು. ಅದರ ತಲೆಯು ಕಟ್ಲಾಕ್ಕಿಂತ ಚಿಕ್ಕದಾಗಿ ಮಾಂಸವು ಹೆಚ್ಚಾಗಿರುವದೆಂಬ ಒಂದು ಗುಣವಿರುವದು ನಿಜ. ಆದರೆ ಹೊಂಡದವನು ಕಟ್ಲಾವೆಂದು ಎಣಿಸಿ ಬಿಟ್ಟ ಮರಿಯು ರೋಹುವಿನ ಪಾಲನ್ನು ತಿನ್ನತೊಡಗಿದರೆ, ಮೇಲಿನ ನೀರಿನ ಆಹಾರವು ವ್ಯರ್ಥವಾಗಿ ಉಳಿದು, ನಡುನೀರಿನಲ್ಲಿ ಪೈಪೋಟಿ ಹೆಚ್ಚುವದು.

ತಾಯ್ತಂದೆಗಳ ಸಂಖ್ಯೆ

ಬೆರಕೆಯಷ್ಟೇ ಕೆಡುಕು ಅತಿಯಾದ ಒಳಸಂಬಂಧದಲ್ಲಿಯೂ ಇದೆ. ಒಂದು ಹೆಣ್ಣು ಗೆಂಡೆಯು ತನ್ನ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಡುವದು. ಆದಕಾರಣ ಕೆಲವೇ ಮೀನುಗಳಿಂದ ಲಕ್ಷಾಂತರ ಮರಿಗಳನ್ನು ಮಾಡಬಹುದು. ಆ ಮರಿಗಳಲ್ಲಿಯೇ ಉಳಿದವನ್ನು ಮುಂದಿನ ತಾಯ್ತಂದೆಗಳನ್ನಾಗಿ ಇಟ್ಟುಕೊಳ್ಳುವ ಆಸೆಯೂ ಸಹಜ. ಕರ್ನಾಟಕದ 18 ಮೀನುಮರಿ ಕೇಂದ್ರಗಳ ಸ್ಥಿತಿಯನ್ನು ಪರಿಶೀಲಿಸಿದ ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು, ಒಳಸಂಬಂಧದ ಪ್ರಮಾಣವು ತಲೆಮಾರಿಗೆ ಶೇಕಡಾ 2ರಿಂದ 17ರವರೆಗೆ ಇರಬಹುದೆಂದು 1990ರಲ್ಲಿ ಅಂದಾಜು ಮಾಡಿದರು.

ಈ ಅಂಕೆಯ ಅರ್ಥವನ್ನು ಲೆಕ್ಕದಿಂದ ತಿಳಿಯಬಹುದು. ಸಂಬಂಧವಿಲ್ಲದ 50 ತಾಯ್ತಂದೆಗಳು ಸಮನಾಗಿ ಭಾಗಿಗಳಾದರೆ ಒಳಸಂಬಂಧವು ತಲೆಮಾರಿಗೆ ಶೇಕಡಾ 1ರಷ್ಟು ಏರುವದು. 10 ಮಾತ್ರ ಇದ್ದರೆ 5. ಮೂರೇ ಇದ್ದರೆ ಸುಮಾರು 17. ಅಂದರೆ, ತೊಟ್ಟಿಯಲ್ಲಿ ಮೀನುಗಳು ಎಷ್ಟೇ ಇದ್ದರೂ, ವಂಶದ ದೃಷ್ಟಿಯಿಂದ ಆ ಕೇಂದ್ರವು ಮೂರೇ ಮೀನುಗಳ ಮೇಲೆ ನಿಂತಂತೆ ಆಯಿತು. ಇಂತಹ ಮರಿಗಳಲ್ಲಿ ಬೆಳವಣಿಗೆಯು ಕುಂಠಿತವಾಗಿ, ರೋಗವೂ ಸಾವೂ ಹೆಚ್ಚುವವು.

ಇದಕ್ಕೆ ಪ್ರತಿಯಾಗಿ ಒಳ್ಳೆಯ ನಿದರ್ಶನವೂ ಉಂಟು. ಭುವನೇಶ್ವರದ ಸಂಸ್ಥೆಯವರು ನಾರ್ವೆ ದೇಶದವರ ಸಹಕಾರದಿಂದ, ಬೇರೆ ಬೇರೆ ಹೊಳೆಗಳ ರೋಹುಗಳನ್ನು ತರಿಸಿ, ಕುಟುಂಬಗಳ ದಾಖಲೆಯನ್ನಿಟ್ಟು, ತಲೆಮಾರು ತಲೆಮಾರಾಗಿ ಆರಿಸುತ್ತ ಬಂದು, 1997ರಲ್ಲಿ ಜಯಂತಿ ರೋಹು ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಬೆಳವಣಿಗೆಯಲ್ಲಿ ತಲೆಮಾರಿಗೆ ಸರಾಸರಿ ಶೇಕಡಾ 17ರಷ್ಟು ಲಾಭವು ದೊರೆತಿದೆ. ಅಜಾಗರೂಕತೆಯಿಂದ ಆಗಬಹುದಾದ ಕೇಡಿನ ಅಂಕೆಯೂ ಎಚ್ಚರದಿಂದ ಆದ ಲಾಭದ ಅಂಕೆಯೂ ಇಲ್ಲಿ ಒಂದೇ ಆಗಿರುವದು ಕಾಕತಾಳೀಯವಾದರೂ ಮನನಯೋಗ್ಯವಾಗಿದೆ.

ಕಾವೇರಿಯ ಬಿಳಿಮೀನಿನ ಪಾಠ

ಒಂದು ಹೊಳೆಯ ಮೀನನ್ನು ಇನ್ನೊಂದಕ್ಕೆ ಬಿಡುವದರ ಫಲವನ್ನು ನಮ್ಮ ರಾಜ್ಯವೇ ಕಂಡಿದೆ. ನೀಲಿ ರೆಕ್ಕೆಯ ಮಹಸೀರ್ ಮೀನು ಕೃಷ್ಣಾ ಕೊಳ್ಳದ್ದು; ಸೈಕ್ಸ್ ಎಂಬವರು ಪುಣೆಯ ಕಡೆಯ ಹೊಳೆಯಿಂದ 1839ರಲ್ಲಿ ಇದನ್ನು ವರ್ಣಿಸಿದರು. ನಮ್ಮ ಮಲಪ್ರಭೆಯೂ ಕೂಡಲಸಂಗಮದಲ್ಲಿ ಕೃಷ್ಣೆಯನ್ನೇ ಸೇರುವ ಹೊಳೆ. ಲೋಣಾವಳೆಯಲ್ಲಿ ಈ ಮೀನಿನ ಮರಿಗಳನ್ನು ಲಕ್ಷಾಂತರವಾಗಿ ಮಾಡಿ ದೇಶದ ಅನೇಕ ನೀರುಗಳಿಗೆ ಕಳುಹಿಸಲಾಯಿತು. ಸದುದ್ದೇಶದಿಂದಲೇ ಕಾವೇರಿಗೂ ಬಿಡಲಾಯಿತು. ಕಾವೇರಿಯಲ್ಲಿಯಾದರೋ ಬೆನ್ನು ಗೂನಾದ, ಬೇರೆಲ್ಲಿಯೂ ಇಲ್ಲದಷ್ಟು ದೊಡ್ಡದಾಗುವ ಮಹಸೀರ್ ಒಂದು ಮೊದಲಿನಿಂದಲೂ ಇದ್ದಿತು. ಗಾಳ ಹಾಕುವವರ ದಾಖಲೆಗಳನ್ನು ಪರಿಶೀಲಿಸಿದಾಗ, ಹೊರಗಿನ ಮೀನು ಹೆಚ್ಚುತ್ತ ಬಂದಂತೆ ಮೂಲದ ಮೀನು ಇಲ್ಲವಾಗುತ್ತ ಬಂದುದು ಗೊತ್ತಾಯಿತು.

ಸೋಜಿಗವೇನೆಂದರೆ, ಆ ಗೂನುಬೆನ್ನಿನ ಮೀನಿಗೆ ಅದುವರೆಗೆ ಶಾಸ್ತ್ರೀಯವಾದ ಹೆಸರೇ ನಿಶ್ಚಯವಾಗಿರಲಿಲ್ಲ. ದೇಹಲಕ್ಷಣಗಳನ್ನೂ ಡಿ.ಎನ್.ಎ.ಯನ್ನೂ ಹೋಲಿಸಿ, ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು 2018ರಲ್ಲಿ ಸಿದ್ಧಪಡಿಸಿದರು. ಅದೇ ವರ್ಷ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಹೆಸರು ತಿಳಿಯುವದಕ್ಕೆ ಮೊದಲೇ ಮನೆಯ ಮಗನನ್ನು ಕಳೆದುಕೊಳ್ಳುವ ಸ್ಥಿತಿ ಬಂದಿತು. ಮಹಸೀರ್ ಜಾತಿಗಳು ಒಂದರೊಡನೊಂದು ಸಂಕರವಾಗಬಲ್ಲವಾದುದರಿಂದ, ಉಳಿದಿರುವ ಕೆಲವೂ ಬೆರೆತುಹೋಗುವ ಭಯವಿದೆ.

ಮಾಡತಕ್ಕ ಕೆಲಸಗಳು

ಮೇಲೆ ಹೇಳಿದ ಶಾಸ್ತ್ರವೆಲ್ಲವೂ ಪ್ರಯೋಗಶಾಲೆಯದಾದರೂ, ಅದರಿಂದ ಹೊರಡುವ ನಿಯಮಗಳು ಹೊಂಡದ ದಂಡೆಯ ಮೇಲೆ ಆಚರಿಸತಕ್ಕವು.

1. ಮರಿಗಳನ್ನು ಸರಕಾರದ ಅಥವಾ ನೋಂದಣಿಯಾದ ಮೀನುಮರಿ ಕೇಂದ್ರದಿಂದಲೇ ತರತಕ್ಕದ್ದು. ಒಂದೊಂದು ಜಾತಿಯನ್ನು ಬೇರೆ ತೊಟ್ಟಿಯಲ್ಲಿ ಮರಿ ಮಾಡಿಸಿದ್ದಾರೆಯೇ, ತಾಯ್ತಂದೆಗಳನ್ನು ಬೇರೆ ಊರಿನಿಂದ ಬದಲಾಯಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸತಕ್ಕದ್ದು.

2. ಮರಿಗಳನ್ನು ಬಿಳಿಯ ಪಾತ್ರೆಯಲ್ಲಿ ಹಾಕಿ ನೋಡತಕ್ಕದ್ದು. ಕಟ್ಲಾಕ್ಕೆ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ರೋಹುವಿನ ಬಾಯಿ ಕೆಳಮುಖ, ತುಟಿಗೆ ಜಾಲರಿಯಂತಹ ಅಂಚು. ಮೃಗಾಲ್ ಉದ್ದವಾಗಿ ಸಪೂರವಾಗಿರುವದು. ಕಟ್ಲಾವೆಂದು ಕೊಟ್ಟ ಮರಿಗಳಲ್ಲಿ ಸಣ್ಣ ತಲೆಯವು ಬಹಳವಾಗಿ ಕಂಡರೆ ಸಂಶಯಪಡತಕ್ಕದ್ದು. ಹಲವು ತಲೆಮಾರಿನ ಬೆರಕೆಯನ್ನು ಕಣ್ಣಿನಿಂದ ಅರಿಯಲಾಗದು. ಆದುದರಿಂದ ಮೊದಲನೆಯ ನಿಯಮವೇ ಮುಖ್ಯ.

3. ನೀರು ನಿಲ್ಲುವ ತಿಂಗಳುಗಳು ಕಡಿಮೆಯಾದುದರಿಂದ ಬೆರಳುದ್ದಕ್ಕೆ ಬೆಳೆದ ಮರಿಗಳನ್ನೇ ಬಿಡತಕ್ಕದ್ದು.

4. ಸಾಮಾನ್ಯ ಗೆಂಡೆಯು ನಮ್ಮ ಸೀಮೆಯ ಬೆಚ್ಚನೆಯ ನೀರಿನಲ್ಲಿ ಎಳೆಯದಾಗಿರುವಾಗಲೇ ಪ್ರಾಯಕ್ಕೆ ಬಂದು, ಹೊಂಡದಲ್ಲಿಯೇ ಮರಿಮಾಡಿ, ಬೆಳವಣಿಗೆಯನ್ನು ನಿಲ್ಲಿಸುವದುಂಟು. ಅದನ್ನು ಮಿತವಾಗಿ ಬಿಡತಕ್ಕದ್ದು.

5. ಹೊಂಡದಲ್ಲಿ ಬೆಳೆದ ಮೀನನ್ನು ತಳಿಗಾಗಿ ಇಟ್ಟುಕೊಳ್ಳತಕ್ಕದ್ದಲ್ಲ. ಸಂಕರ ಹತ್ತಿಯ ಬೀಜದ ನಿಯಮವೇ ಇಲ್ಲಿಯೂ ಸಲ್ಲುವದು.

6. ಉಳಿದ ಮರಿಗಳನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಚೆಲ್ಲತಕ್ಕದ್ದಲ್ಲ. ಹೊಂಡದ ಕೋಡಿಗೆ ಸಣ್ಣ ಕಣ್ಣಿನ ಜಾಳಿಗೆಯನ್ನು ಕಟ್ಟತಕ್ಕದ್ದು. ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವದು ನಿಷಿದ್ಧವಾಗಿದೆ. ಯಾರು ಎಷ್ಟೇ ಆಸೆ ತೋರಿಸಿದರೂ ಅದನ್ನು ತರತಕ್ಕದ್ದಲ್ಲ.

ಹೊಲದಲ್ಲಿ ಕಲಬೆರಕೆಯ ತೆನೆಯು ಕಂಡರೆ ಕಿತ್ತು ಬದುವಿಗೆ ಎಸೆಯಬಹುದು. ನೀರಿನೊಳಗಿನ ಕಲಬೆರಕೆಯು ಕಣ್ಣಿಗೆ ಬೀಳುವದಿಲ್ಲ. ಬಿದ್ದಾಗ ಕಾಲವು ಮಿಂಚಿರುವದು. ಮರಿ ಮಾಡುವವನು ತಾಯ್ತಂದೆಗಳನ್ನು ಬೇರೆ ಬೇರೆಯಾಗಿಟ್ಟು ಲೆಕ್ಕ ಬರೆದಿಡುವದೂ, ಮರಿ ಕೊಳ್ಳುವವನು ಆ ಲೆಕ್ಕವನ್ನು ಕೇಳುವದೂ ರೂಢಿಯಾದರೆ, ಎರೆನೆಲದ ಹೊಂಡದಲ್ಲಿ ನಿಲ್ಲುವ ಕೆಲವೇ ತಿಂಗಳ ನೀರು ಒಕ್ಕಲಿಗನ ಮನೆಗೆ ಪೂರ್ಣವಾದ ಫಲವನ್ನು ಕೊಡುವದು.